ಮಿಲಿ ಯಾವುದನ್ನೂ ಬಿಟ್ಟುಕೊಡಲಿಲ್ಲ

ಹಿಂದಿ ಸಿನಿಮಾ ‘ರಂಗೀಲಾ’ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರೋದು ಊರ್ಮಿಳಾ ಹಾಕಿದ ಬಟ್ಟೆ, ರೆಹಮಾನ್ ಹಾಡು, ಆಮೀರ್ ಖಾನ್‌ನ ಹಳದಿ ಡ್ರೆಸ್. ನನಗೂ ಇವೆಲ್ಲ ಇಷ್ಟವೇ. ಆದರೆ ಈ ಸಿನಿಮಾ ನನಗೆ ಇಷ್ಟು ಹತ್ತಿರ ಆಗಿರೋದಕ್ಕೆ ಕಾರಣ ಬೇರೆ ಇದೆ. ನಾಯಕಿ ಆಗಬೇಕು ಅಂತ ಆಸೆಪಟ್ಟ ಒಬ್ಬ ಸಾಮಾನ್ಯ ಮನೆಯ ಹುಡುಗಿ ನಾಯಕಿ ಆಗುತ್ತಾಳೆ. ಪ್ರೀತಿಸಿದ ಹುಡುಗನೂ ಸಿಗುತ್ತಾನೆ. ಒಂದಕ್ಕಾಗಿ ಇನ್ನೊಂದನ್ನು ಬಿಡು ಅಂತ ಕಥೆ ಅವಳಿಗೆ ಎಲ್ಲೂ ಹೇಳುವುದಿಲ್ಲ.

ಇದೇನು ದೊಡ್ಡ ವಿಷಯ ಅನ್ನಿಸಬಹುದು. ಹಿಂದಿಯಲ್ಲಿ ಇಂಥ ಕಥೆಗಳು ಸಾಮಾನ್ಯವಾಗಿ ಎಲ್ಲಿ ಹೋಗಿ ನಿಲ್ಲುತ್ತವೆ ನೋಡಿ. 1973ರ ‘ಅಭಿಮಾನ್’ನಲ್ಲಿ ಗಂಡ ಹೆಂಡತಿ ಇಬ್ಬರೂ ಗಾಯಕರು. ಹೆಂಡತಿಯ ಹೆಸರು ಗಂಡನಿಗಿಂತ ಮೇಲೆ ಹೋಗುತ್ತದೆ. ಗಂಡನಿಗೆ ತಡೆಯಲು ಆಗುವುದಿಲ್ಲ, ಸಂಸಾರ ಮುರಿಯುವ ಹಂತಕ್ಕೆ ಬರುತ್ತದೆ, ಅವಳು ಮಗುವನ್ನೂ ಕಳೆದುಕೊಳ್ಳುತ್ತಾಳೆ. ಹೃಷಿಕೇಶ್ ಮುಖರ್ಜಿ ಅದನ್ನು ಎಷ್ಟು ಚೆನ್ನಾಗಿ ಮಾಡಿದ್ದಾರೆ ಅಂದರೆ ಇವತ್ತಿಗೂ ನೋಡಿದರೆ ಕಣ್ಣು ತುಂಬುತ್ತದೆ. 40 ವರ್ಷದ ನಂತರ, 2013ರಲ್ಲಿ ‘ಆಶಿಕಿ 2’ ಬಂತು. ಅಲ್ಲೂ ಹುಡುಗಿ ಮೇಲೆ ಏರುತ್ತಾಳೆ, ಹುಡುಗ ಕೆಳಗೆ ಇಳಿಯುತ್ತಾನೆ, ಕೊನೆಗೆ ಪ್ರಾಣವನ್ನೇ ಬಿಡುತ್ತಾನೆ. ಹಾಡು ಒಂದಕ್ಕಿಂತ ಒಂದು ಚೆಂದ. ಆದರೂ ಹೆಣ್ಣಿನ ಗೆಲುವಿಗೆ ಯಾರಾದರೂ ಬೆಲೆ ತೆರಲೇಬೇಕು ಅನ್ನುವ ಲೆಕ್ಕ ಬದಲಾಗಲಿಲ್ಲ. ಈ ಎರಡರ ನಡುವೆ, 1995ರ ಸೆಪ್ಟೆಂಬರ್ 8ರಂದು ಬಂದ ‘ರಂಗೀಲಾ’ ಆ ಲೆಕ್ಕವನ್ನೇ ಪಕ್ಕಕ್ಕಿಟ್ಟಿತು.

ಕಥೆ ಗೊತ್ತಿಲ್ಲದವರಿಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಮಿಲಿ ಜೋಶಿ ಮುಂಬೈಯ ಮಧ್ಯಮ ವರ್ಗದ ಹುಡುಗಿ. ಸಿನಿಮಾ ಹಾಡುಗಳಲ್ಲಿ ನಾಯಕಿಯ ಹಿಂದೆ ಕುಣಿಯೋ ಗ್ರೂಪ್ ಡಾನ್ಸರ್. ಅವಳ ಗೆಳೆಯ ಮುನ್ನಾ ಥಿಯೇಟರ್ ಮುಂದೆ ಬ್ಲ್ಯಾಕ್‌ನಲ್ಲಿ ಟಿಕೆಟ್ ಮಾರುವವನು. ಒಂದು ಸಿನಿಮಾದ ನಾಯಕಿ ಅರ್ಧಕ್ಕೇ ಕೈಕೊಡುತ್ತಾಳೆ. ದೊಡ್ಡ ಹೀರೋ ರಾಜ್ ಕಮಲ್ ಸಮುದ್ರದ ದಡದಲ್ಲಿ ಮಿಲಿ ತನ್ನ ಪಾಡಿಗೆ ಕುಣಿಯುವುದನ್ನು ನೋಡಿರುತ್ತಾನೆ. ಅವನ ಮಾತಿನಿಂದ ಅವಳಿಗೆ ಅವಕಾಶ ಸಿಗುತ್ತದೆ. ಆಮೇಲೆ ಇಬ್ಬರೂ ಗಂಡಸರು ಅವಳನ್ನು ಪ್ರೀತಿಸುತ್ತಾರೆ, ಇಬ್ಬರೂ ಬಾಯಿ ಬಿಡುವುದಿಲ್ಲ. ಮಿಲಿಯಾಗಿ ಊರ್ಮಿಳಾ ಮಾತೋಂಡ್ಕರ್, ಮುನ್ನಾ ಆಗಿ ಆಮೀರ್ ಖಾನ್, ರಾಜ್ ಕಮಲ್ ಆಗಿ ಜಾಕಿ ಶ್ರಾಫ್. ನಿರ್ದೇಶಕ ರಾಮ್ ಗೋಪಾಲ್ ವರ್ಮಾ.

ನಾವು ಬೆಳೆದದ್ದು ಮುಂಬೈ ಹತ್ತಿರದ ಡೊಂಬಿವ್ಲಿಯಲ್ಲಿ. ಊರು ಕುಂದಾಪುರದ ಕಡೆ. ದೊಡ್ಡಪ್ಪ ಮಾಟುಂಗಾದ ಒಂದು ಉಡುಪಿ ಹೋಟೆಲ್‌ನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ಅವರ ಮಗಳು, ನನಗೆ ಅಕ್ಕ, ಆ ಕಾಲಕ್ಕೆ ಮಿಲಿ ಮಾಡುತ್ತಿದ್ದ ಕೆಲಸವನ್ನೇ ಮಾಡುತ್ತಿದ್ದಳು. ಅದಕ್ಕೇ ಈ ಸಿನಿಮಾ ನಮ್ಮ ಮನೆಯಲ್ಲಿ ಬೇರೆ ಸಿನಿಮಾದ ಹಾಗೆ ಬಂದು ಹೋಗಲಿಲ್ಲ.

ಗ್ರೂಪ್ ಡಾನ್ಸರ್ ಕೆಲಸ ಹೇಗಿರುತ್ತಿತ್ತು ಅಂತ ನಾನು ಹತ್ತಿರದಿಂದ ನೋಡಿದ್ದೇನೆ. ಡಾನ್ಸರ್‌ಗಳ ಸಂಘದ ಕಾರ್ಡ್ ಇದ್ದರೆ ಮಾತ್ರ ಕೆಲಸ. ಬೆಳಗಿನ ಲೋಕಲ್ ಟ್ರೈನ್ ಹಿಡಿದು ದಾದರ್‌ನಲ್ಲಿ ಇಳಿದು, ವೆಸ್ಟರ್ನ್ ಲೈನಿಗೆ ಬದಲಾಯಿಸಿ, ಗೋರೆಗಾಂವ್‌ನ ಫಿಲ್ಮ್ ಸಿಟಿಗೋ ಬಾಂದ್ರಾದ ಮೆಹಬೂಬ್ ಸ್ಟುಡಿಯೋಗೋ ಹೋಗಬೇಕು. ಬ್ಯಾಗಿನಲ್ಲಿ ಒಂದು ಜೊತೆ ನೀಕ್ಯಾಪ್, ಸೇಫ್ಟಿ ಪಿನ್ ಡಬ್ಬಿ, ಅಯೋಡೆಕ್ಸ್, ಒಂದು ಹಳೇ ಚಪ್ಪಲಿ. ಬಟ್ಟೆ ಅಲ್ಲೇ ಕೊಡುತ್ತಾರೆ. ಹಿಂದೆ ಯಾರೋ ಹಾಕಿ ಬೆವರಿದ್ದ ರವಿಕೆ, ಅಳತೆ ಎಂದೂ ಸರಿ ಇರುತ್ತಿರಲಿಲ್ಲ, ಬೆನ್ನ ಹಿಂದೆ ಪಿನ್ ಹಾಕಿ ಹಿಡಿಸಬೇಕು. ಹಾಡನ್ನು ತುಂಡು ತುಂಡಾಗಿ ಹಾಕುತ್ತಾರೆ. ನಾಲ್ಕು ಸಾಲು ಹಾಡು, ಡಾನ್ಸ್ ಮಾಸ್ಟರ್ ಎಣಿಕೆ, ಕಟ್, ಮತ್ತೆ ಅದೇ ನಾಲ್ಕು ಸಾಲು. ಹೀರೋ ಒಂದು ಹೆಜ್ಜೆ ತಪ್ಪಿದರೆ ಹಿಂದಿರುವ ಮೂವತ್ತು ಜನರೂ ಇನ್ನೊಂದು ಸಲ ಕುಣಿಯಬೇಕು. ರಾತ್ರಿ ಅಕ್ಕ ಬಂದರೆ ಮೊದಲು ಬಕೆಟ್‌ನಲ್ಲಿ ಬಿಸಿನೀರು ಹಾಕಿಕೊಂಡು ಕಾಲಿಟ್ಟು ಕೂರುತ್ತಿದ್ದಳು. ಊಟ ಆಮೇಲೆ. ದುಡ್ಡು ಕೈಗೆ ಬರುವಷ್ಟರಲ್ಲಿ ಹಾಡು ಟಿವಿಯಲ್ಲಿ ಬಂದು ಹಳತಾಗಿರುತ್ತಿತ್ತು.

ಆದರೂ ಅಕ್ಕನಿಗೆ ಆ ಕೆಲಸ ಅಂದರೆ ಪ್ರಾಣ. ದೊಡ್ಡಪ್ಪನಿಗೆ ಅದೇ ಸಂಕಟ. ಊರಿನ ನೆಂಟರು ಫೋನ್ ಮಾಡಿದಾಗ ‘ಮಗಳು ಎಂತ ಮಾಡ್ತಾಳೆ?’ ಅಂತ ಕೇಳಿದರೆ ‘ಆಫೀಸಲ್ಲಿ’ ಅನ್ನುತ್ತಿದ್ದರು. ಮನೆಯಲ್ಲಿ ಜಗಳ ಅಂತ ಆಗುತ್ತಿರಲಿಲ್ಲ, ಮಾತೇ ಇರುತ್ತಿರಲಿಲ್ಲ. ಜಗಳಕ್ಕಿಂತ ಅದು ಜಾಸ್ತಿ ಕಷ್ಟ, ಅಲ್ವಾ?

ಒಂದು ಭಾನುವಾರ ದೊಡ್ಡಪ್ಪನನ್ನೂ ಎಬ್ಬಿಸಿಕೊಂಡು ಎಲ್ಲರೂ ಮ್ಯಾಟಿನಿಗೆ ಹೋದೆವು. ಬಾಲ್ಕನಿ ಟಿಕೆಟ್. ಮಿಲಿಯ ಅಪ್ಪನ ಪಾತ್ರ ಮಾಡಿದವರು ಅಚ್ಯುತ್ ಪೋತದಾರ್, ಅಮ್ಮ ರೀಮಾ ಲಾಗೂ. ಆ ಮನೆ ನಮ್ಮ ಸುತ್ತಮುತ್ತಲಿನ ಮರಾಠಿ ಮನೆಗಳ ಹಾಗೇ ಇತ್ತು. ಅಪ್ಪ ಅಮ್ಮ ಗೊಣಗುತ್ತಾರೆ. ಮಗಳ ಆಸೆ ಅವರಿಗೆ ಪೂರ್ತಿ ಅರ್ಥ ಆಗುವುದಿಲ್ಲ. ಆದರೆ ಯಾರೂ ಬಾಗಿಲು ಹಾಕಿ ಕೂರಿಸುವುದಿಲ್ಲ, ಮರ್ಯಾದೆ ಹೋಯಿತು ಅಂತ ಕೂಗುವುದಿಲ್ಲ. ಹುಡುಗಿ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಾಳೆ, ಸಂಜೆ ಬರುತ್ತಾಳೆ, ಅಷ್ಟೇ. ಸಿನಿಮಾದಲ್ಲಿ ಕುಣಿಯುವುದೂ ಒಂದು ಕೆಲಸ ಅನ್ನುವ ಹಾಗೆ ಆ ಮನೆ ನಡೆಯುತ್ತದೆ. ತೆರೆಯ ಮೇಲೆ ಅಂಥ ಮನೆಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ವಾಪಸ್ ಬರುವಾಗ ಟ್ರೈನಿನಲ್ಲಿ ದೊಡ್ಡಪ್ಪ ಕಿಟಕಿ ಕಡೆ ನೋಡಿಕೊಂಡು, ‘ಆ ಹುಡುಗಿ ಅಪ್ಪ ಬೈತಾನೆ, ಆದ್ರೆ ಬೇಡ ಅನ್ನೂದಿಲ್ಲ’ ಅಂದರು. ಅಷ್ಟೇ ಅಂದದ್ದು. ಆ ವಾರವೇ ಇರಬೇಕು, ಬೆಳಿಗ್ಗೆ ಅಕ್ಕ ಹೊರಡುವಾಗ ‘ಪ್ಯಾಕಪ್ ಎಷ್ಟೊತ್ತಿಗೆ?’ ಅಂತ ಕೇಳಿದರು. ಪ್ಯಾಕಪ್ ಅಂದರೆ ಆ ದಿನದ ಶೂಟಿಂಗ್ ಮುಗಿಯೋದು. ಆ ಮಾತು ಅವರ ಬಾಯಲ್ಲಿ ಕೇಳಿ ದೊಡ್ಡಮ್ಮ ಒಲೆ ಮುಂದೆ ನಿಂತವರು ತಿರುಗಿ ನೋಡಿದರು. ಅವತ್ತಿನಿಂದ ಶೂಟಿಂಗ್ ತಡವಾದ ರಾತ್ರಿ ದೊಡ್ಡಪ್ಪ ಸ್ಟೇಷನ್ನಿಗೆ ಹೋಗಿ ಕಾಯುತ್ತಿದ್ದರು. ಒಂದು ಸಿನಿಮಾದಿಂದ ಮನುಷ್ಯ ಬದಲಾದ ಅಂತ ನಾನು ಹೇಳುತ್ತಿಲ್ಲ. ಒಳಗೆ ಇದ್ದ ಪ್ರೀತಿಗೆ ಹೊರಗೆ ಬರಲು ಒಂದು ದಾರಿ ಬೇಕಿತ್ತು, ಆ ಮಿಲಿಯ ಮನೆ ಅದನ್ನು ತೋರಿಸಿತು.

ಈಗ ಹಾಡುಗಳ ವಿಷಯಕ್ಕೆ ಬರುತ್ತೇನೆ, ಹಾಡಿಲ್ಲದೆ ‘ರಂಗೀಲಾ’ ಇಲ್ಲ. ‘ರೋಜಾ’ ಹಾಡುಗಳನ್ನು ನಾವು ಹಿಂದಿಯಲ್ಲಿ ಕೇಳಿದ್ದೆವು, ಆದರೆ ಅವು ತಮಿಳಿನಿಂದ ಬಂದವು. ರೆಹಮಾನ್ ನೇರವಾಗಿ ಹಿಂದಿ ಸಿನಿಮಾಕ್ಕೇ ಅಂತ ಸಂಗೀತ ಮಾಡಿದ್ದು ಇದೇ ಮೊದಲು. ವಯಸ್ಸು 28. ಸಾಹಿತ್ಯ ಮೆಹಬೂಬ್ ಅವರದು, ಬೀದಿಯಲ್ಲಿ ಆಡುವ ಮುಂಬೈ ಹಿಂದಿಗೆ ಹತ್ತಿರವಾದ ಸಾಲುಗಳು. ಶುರುವಿನ ‘ರಂಗೀಲಾ ರೇ’ ಹಾಡಿದ್ದು ಆಶಾ ಭೋಸ್ಲೆ. ಅವರ ಹುಟ್ಟಿದ ದಿನ 1933ರ ಸೆಪ್ಟೆಂಬರ್ 8. ಅಂದರೆ ಸಿನಿಮಾ ಬಿಡುಗಡೆಯಾದ ದಿನ ಅವರಿಗೆ 62 ತುಂಬಿತು. ಇಪ್ಪತ್ತರ ಹುಡುಗಿಯ ಕುಣಿತಕ್ಕೆ ಅರವತ್ತು ದಾಟಿದವರ ದನಿ! ಎಲ್ಲೂ ಅದು ದೊಡ್ಡವರ ದನಿ ಅನ್ನಿಸುವುದಿಲ್ಲ. ‘ತನ್ಹಾ ತನ್ಹಾ’ದಲ್ಲಿ ಅದೇ ಆಶಾ ದನಿಯನ್ನು ಎಷ್ಟು ಸಡಿಲ ಬಿಟ್ಟು ಹಾಡುತ್ತಾರೆ ಕೇಳಿ. ಆ ವರ್ಷ ಫಿಲ್ಮ್‌ಫೇರ್ ಅವರಿಗೆ ವಿಶೇಷ ಪ್ರಶಸ್ತಿ ಕೊಟ್ಟಿತು, ರೆಹಮಾನ್‌ಗೆ ಸಂಗೀತಕ್ಕೆ, ಜಾಕಿ ಶ್ರಾಫ್‌ಗೆ ಪೋಷಕ ನಟ ಅಂತ. ವಸ್ತ್ರವಿನ್ಯಾಸಕ್ಕೆ ಮನೀಶ್ ಮಲ್ಹೋತ್ರಾಗೂ ಬಂತು.

ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟ ‘ಹಾಯ್ ರಾಮಾ’. ಹರಿಹರನ್ ಮತ್ತು ಸ್ವರ್ಣಲತಾ. ಶಾಸ್ತ್ರೀಯ ರಾಗದ ಬಿಗಿ ಇರುವ ಆಲಾಪ, ಕೆಳಗೆ ಒಂದೇ ಸಮ ಓಡುವ ತಾಳ. ಸ್ವರ್ಣಲತಾ ಕನ್ನಡದಲ್ಲೂ ಹಾಡಿದವರು, 2010ರಲ್ಲಿ ಚಿಕ್ಕ ವಯಸ್ಸಿಗೇ ತೀರಿಕೊಂಡರು. ಅವರ ದನಿಯಲ್ಲಿ ಒಂದು ಬಿಸಿ ಇದೆ, ಅದನ್ನು ರೆಹಮಾನ್ ಸರಿಯಾಗಿ ಗುರುತಿಸಿದರು. ಈ ಹಾಡನ್ನು ದೃಶ್ಯ ಇಲ್ಲದೆ, ಹೆಡ್‌ಫೋನ್ ಹಾಕಿಕೊಂಡು ಒಮ್ಮೆ ಕೇಳಿ.

ಇನ್ನು ಮುನ್ನಾ. ಐಷಾರಾಮಿ ಹೋಟೆಲ್‌ಗೆ ಮಿಲಿಯನ್ನು ಕರೆದುಕೊಂಡು ಹೋಗುವ ದೃಶ್ಯಕ್ಕೆ ಥಿಯೇಟರ್ ಪೂರ್ತಿ ನಕ್ಕಿತ್ತು. ಮೈತುಂಬ ಹಳದಿ, ಯಾರಿಗೂ ಕಮ್ಮಿ ಇಲ್ಲ ಅನ್ನೋ ನಡಿಗೆ. ಈಗ ನೋಡುವಾಗ ಆ ದೃಶ್ಯದಲ್ಲಿ ನನಗೆ ಕಾಣುವುದು ಅವನ ಭಯ. ಮಿಲಿ ಹೋಗುತ್ತಿರುವ ಜಗತ್ತಿನಲ್ಲಿ ತನಗೆ ಕುರ್ಚಿ ಇಲ್ಲ ಅಂತ ಅವನಿಗೆ ಅಲ್ಲೇ ಗೊತ್ತಾಗಿದೆ. ‘ಅಭಿಮಾನ್’ನ ಗಂಡನಿಗೂ ಇದೇ ಭಯ. ಅವನು ಹೆಂಡತಿಯ ಮೇಲೆ ಸಿಟ್ಟು ತೀರಿಸಿಕೊಂಡ. ಮುನ್ನಾ ಹಾಗಲ್ಲ. ಮಿಲಿಯ ಹಾಡು, ಮಿಲಿಯ ಸಿನಿಮಾ, ಇದರಲ್ಲಿ ಯಾವುದನ್ನೂ ನಿಲ್ಲಿಸು ಅನ್ನುವುದಿಲ್ಲ. ರಾಜ್ ಕಮಲ್ ಅವಳಿಗೆ ಸರಿಯಾದ ಜೋಡಿ ಅಂದುಕೊಂಡು ತಾನೇ ಊರು ಬಿಟ್ಟು ಹೊರಡುತ್ತಾನೆ. ಅದೂ ತಪ್ಪೇ. ಅವಳ ಪರವಾಗಿ ಅವಳನ್ನು ಕೇಳದೆ ತೀರ್ಮಾನ ಮಾಡಿದ್ದು ತಪ್ಪು. ಆದರೆ ಅದನ್ನು ತಿದ್ದಲು ಕಥೆ ಮಿಲಿಗೇ ಬಿಡುತ್ತದೆ. ಅವಳೇ ಹುಡುಕಿಕೊಂಡು ಹೋಗುತ್ತಾಳೆ. ಅಷ್ಟರಲ್ಲಿ ಅವಳ ಸಿನಿಮಾ ಗೆದ್ದೂ ಆಗಿದೆ. ‘ನಾನು ಇನ್ನು ನಟಿಸೋದಿಲ್ಲ’ ಅನ್ನುವ ಮಾತು ಅವಳ ಬಾಯಲ್ಲಿ ಬರುವುದಿಲ್ಲ.

ರಾಜ್ ಕಮಲ್‌ನ ಬಗ್ಗೆ ನಮ್ಮ ಮನೆಯಲ್ಲಿ ಇವತ್ತಿಗೂ ಎರಡು ಪಕ್ಷ. ದೊಡ್ಡಮ್ಮ ‘ಅಂಥ ಗಂಡನ್ನ ಬಿಡ್ತಾರಾ ಮಾರಾಯ್ತಿ’ ಅನ್ನುತ್ತಾರೆ. ಅಷ್ಟು ದೊಡ್ಡ ಸ್ಟಾರ್, ಬಯಸಿದ್ದರೆ ಅವಕಾಶ ಕೊಡಿಸಿದ ಹಂಗನ್ನು ಮುಂದಿಟ್ಟು ಅವಳನ್ನು ಕಟ್ಟಿಹಾಕಬಹುದಿತ್ತು. ಒಂದು ಸಲವೂ ಹಾಗೆ ಮಾಡುವುದಿಲ್ಲ. ಜಾಕಿ ಆ ಪಾತ್ರವನ್ನು ತುಂಬ ಸಮಾಧಾನದಿಂದ ಮಾಡಿದ್ದಾರೆ, ಜಾಸ್ತಿ ಮಾತಿಲ್ಲ, ನೋಟದಲ್ಲೇ ಎಲ್ಲ. ನಾನು ಮಾತ್ರ ಮುನ್ನಾನ ಪಕ್ಷ. ಅವಳು ಹಿಂದಿನ ಸಾಲಿನಲ್ಲಿ ಇದ್ದಾಗಲೂ ಅವಳನ್ನೇ ನೋಡುತ್ತಿದ್ದವನು ಅವನೊಬ್ಬನೇ.

ಅಕ್ಕನಿಗೆ ಮಂಡಿ ನೋವು ಶುರುವಾದ ಮೇಲೆ ಸೆಟ್‌ಗೆ ಹೋಗೋದು ಬಿಟ್ಟಳು. ಈಗ ಮಕ್ಕಳಿಗೆ ಡಾನ್ಸ್ ಕ್ಲಾಸ್ ನಡೆಸುತ್ತಾಳೆ. ‘ರಂಗೀಲಾ’ ಟಿವಿಯಲ್ಲಿ ಬಂದರೆ ಚಾನೆಲ್ ಬದಲಾಯಿಸಲು ಬಿಡುವುದಿಲ್ಲ. ಅವಳಿಗೆ ಒಂದೇ ತಕರಾರು. ಮಿಲಿ ನಾಯಕಿ ಆದಮೇಲೆ ಅವಳ ಜೊತೆ ಕುಣಿಯುತ್ತಿದ್ದ ಹುಡುಗಿಯರ ಕಥೆ ಏನಾಯಿತು? ಮೊದಲ ದಿನ ಮುಂದೆ ಬಂದು ನಿಂತ ಮಿಲಿ ಒಂದು ಸಲ ಹಿಂದೆ ತಿರುಗಿ ‘ಎಡಗಾಲಾ, ಬಲಗಾಲಾ?’ ಅಂತ ಅವರನ್ನೇ ಕೇಳುವ ಸೀನ್ ಇರಬೇಕಿತ್ತು ಅನ್ನುತ್ತಾಳೆ. ನಿಜವಾದ ಸೆಟ್‌ನಲ್ಲಿ ಹಾಗೇ ಆಗುತ್ತದಂತೆ. ದೊಡ್ಡ ದೊಡ್ಡ ನಾಯಕಿಯರು ಮಾಸ್ಟರ್ ಆ ಕಡೆ ತಿರುಗಿದಾಗ ಮೆಲ್ಲಗೆ ಗ್ರೂಪ್‌ನವರ ಹತ್ತಿರ ಸ್ಟೆಪ್ ಕೇಳುತ್ತಾರೆ, ಇವರು ಹೇಳಿಕೊಡುತ್ತಾರೆ. ಅಕ್ಕನೂ ಹೇಳಿಕೊಟ್ಟಿದ್ದಾಳೆ. ಯಾರಿಗೆ ಅಂತ ಎಷ್ಟು ಕೇಳಿದರೂ ಅವಳು ಇವತ್ತಿನವರೆಗೂ ಹೆಸರು ಬಿಟ್ಟಿಲ್ಲ.