ಒಂದಕ್ಕೂ ಐದಕ್ಕೂ ಒಂದೇ ಪದ ಕಂಡಾಗ: ಅರಬಿಕ್, ಸರ್ಬಿಯನ್ ಜೊತೆ ನನ್ನ ಕೆಲಸ

ಹೊತ್ತಿಗೆ ಸರಿಯಾಗಿ ಮಾತ್ರೆ ನೆನಪಿಸುವ ಮೊಬೈಲ್ ಆ್ಯಪ್ ಒಂದರಲ್ಲಿ ಭಾಷಾ ಪರೀಕ್ಷೆ ನನ್ನ ಕೆಲಸ. ಅನುವಾದಕರು ಕಳಿಸಿದ ಸಾಲುಗಳು ಫೋನಿನ ಪರದೆಯ ಮೇಲೆ ಸರಿಯಾಗಿ ಬರುತ್ತವೆಯೇ ಎಂದು ಬೆಂಗಳೂರಿನಲ್ಲಿ ಕೂತು ನೋಡುತ್ತೇನೆ. ಒಮ್ಮೆ ಒಂದೇ ತಿಂಗಳಲ್ಲಿ ಅರಬಿಕ್ ಮತ್ತು ಸರ್ಬಿಯನ್ ಎರಡೂ ನನ್ನ ಪಾಲಿಗೆ ಬಂದವು. ಎರಡೂ ನನಗೆ ಬರುವುದಿಲ್ಲ. ಆಗ ಮಾಡಿದ ತಪ್ಪೊಂದನ್ನು, ಅದರಿಂದ ಕಲಿತದ್ದನ್ನು, ಇದೇ ಕೆಲಸಕ್ಕೆ ಬರುವವರಿಗಾಗಿ ಬರೆಯುತ್ತಿದ್ದೇನೆ.

ಸಾಲು ಬಹಳ ಸಣ್ಣದು: 'ಇನ್ನು ಇಷ್ಟು ಮಾತ್ರೆ ಉಳಿದಿದೆ.' ನಮ್ಮ ಕೋಡ್ ಇಂಗ್ಲಿಷ್ ಲೆಕ್ಕದಲ್ಲಿತ್ತು. ಸಂಖ್ಯೆ ಒಂದಾದರೆ ಒಂದು ವಾಕ್ಯ, ಉಳಿದದ್ದಕ್ಕೆಲ್ಲ ಇನ್ನೊಂದು. ಅನುವಾದಕರಿಗೆ ಹೋದ ಫೈಲಿನಲ್ಲೂ ಎರಡೇ ಖಾಲಿ ಜಾಗ. ಸರ್ಬಿಯನ್ ವಾಕ್ಯಗಳು ಬಂದಾಗ 1, 5, 10 ಹಾಕಿ ನೋಡಿದೆ. ಮೂರಕ್ಕೂ 'ತಬ್ಲೆತಾ' ಎಂಬ ಒಂದೇ ಪದ ಬಂತು. ನಾವೂ ಮೆಡಿಕಲ್ ಶಾಪಿನಲ್ಲಿ 'ಐದು ಮಾತ್ರೆ ಕೊಡಿ' ಅಂತಲೇ ಕೇಳುತ್ತೇವೆ, 'ಮಾತ್ರೆಗಳನ್ನು' ಅನ್ನುವುದಿಲ್ಲ. ಸರ್ಬಿಯನ್ ಕೂಡ ಹಾಗೇ ಇರಬೇಕು ಅಂದುಕೊಂಡು ಟಿಕ್ ಹಾಕಿಬಿಟ್ಟೆ.

ಬಿಡುಗಡೆಗೆ ಮುಂಚೆ ಸರ್ಬಿಯಾದ ನೋವಿ ಸಾದ್‌ನಲ್ಲಿರುವ ಅನುವಾದಕಿ ಆ್ಯಪನ್ನು ತಮ್ಮ ಫೋನಿಗೆ ಹಾಕಿಕೊಂಡು ನೋಡಿದರು. 2 ಬಂದ ಕಡೆ ವಾಕ್ಯ ಮುರಿದಿದೆ, 21 ಬಂದ ಕಡೆಯೂ ಮುರಿದಿದೆ ಎಂದು ಪತ್ರ ಬಂತು. ಜೊತೆಗೆ ಮೂರು ಸಾಲು ಬರೆದು ಕಳಿಸಿದ್ದರು. ಒಂದಕ್ಕೆ 'ಒಸ್ತಲಾ ಯೆ 1 ತಬ್ಲೆತಾ'. ಎರಡು, ಮೂರು, ನಾಲ್ಕಕ್ಕೆ 'ಒಸ್ತಲೆ ಸು 2 ತಬ್ಲೆತೆ'. ಐದರಿಂದ ಮುಂದೆ 'ಒಸ್ತಲೊ ಯೆ 5 ತಬ್ಲೆತಾ'.

ಆ ಮೂರು ಸಾಲನ್ನು ಕಾಗದದ ಮೇಲೆ ಒಂದರ ಕೆಳಗೊಂದು ಬರೆದುಕೊಂಡು ಬಹಳ ಹೊತ್ತು ನೋಡಿದೆ. ಮೊದಲ ಸಾಲಿನ 'ತಬ್ಲೆತಾ' ಪ್ರಥಮಾ ವಿಭಕ್ತಿಯ ಏಕವಚನ, ಮೂರನೆಯದು ಷಷ್ಠೀ ವಿಭಕ್ತಿಯ ಬಹುವಚನ. ಬರವಣಿಗೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಅಷ್ಟೆ. ವ್ಯತ್ಯಾಸ ತೋರಿಸುತ್ತಿದ್ದದ್ದು ಕ್ರಿಯಾಪದ: ಒಸ್ತಲಾ, ಒಸ್ತಲೆ, ಒಸ್ತಲೊ. ನಾನು ನಾಮಪದವನ್ನಷ್ಟೇ ನೋಡುತ್ತಿದ್ದೆ. 21 ಆದರೆ ಕೊನೆಯ ಅಂಕಿ ಒಂದು, ಹಾಗಾಗಿ ಮತ್ತೆ 'ಒಸ್ತಲಾ ಯೆ'. 22ಕ್ಕೆ 'ಒಸ್ತಲೆ ಸು'. 11ರಿಂದ 14ರವರೆಗೆ ಮಾತ್ರ ಈ ನಿಯಮ ನಡೆಯುವುದಿಲ್ಲ, ಅವು ಐದರ ಗುಂಪಿಗೆ ಸೇರುತ್ತವೆ.

ಅರಬಿಕ್‌ನಲ್ಲಿ ಇದು ತಿರುವುಮುರುವು. 'ಉಳಿದಿದೆ' ಎನ್ನುವ 'ಬಕಿಯತ್' ಎಂಬ ಕ್ರಿಯಾಪದ ಮೊದಲೇ ಬಂದು ಕದಲದೆ ನಿಲ್ಲುತ್ತದೆ, ಬದಲಾಗುವುದು ನಾಮಪದ. ಕಾಳಿಗೂ ಮಾತ್ರೆಗೂ ಅವರದು ಒಂದೇ ಪದ, 'ಹಬ್ಬ'. ಎರಡು ಮಾತ್ರೆಗೆ 'ಹಬ್ಬತಾನ್'. ಎರಡು ಎಂಬ ಅರ್ಥ ಪದದೊಳಗೇ ಇರುವುದರಿಂದ ಮುಂದೆ ಅಂಕಿ ಹಾಕಬೇಕಿಲ್ಲ. ಶಾಲೆಯಲ್ಲಿ 'ರಾಮಃ ರಾಮೌ ರಾಮಾಃ' ಬಾಯಿಪಾಠ ಮಾಡಿದವರಿಗೆ ಈ ದ್ವಿವಚನ ಹೊಸದಲ್ಲ. ಮೂರರಿಂದ ಹತ್ತರವರೆಗೆ 'ಹಬ್ಬಾತ್'. ಹನ್ನೊಂದಕ್ಕೆ ಪದ ಮತ್ತೆ ಏಕವಚನಕ್ಕೆ ಇಳಿಯುತ್ತದೆ. ಸಂಖ್ಯೆ ದೊಡ್ಡದಾದ ಮೇಲೆ ಏಕವಚನ ಬರುವುದನ್ನು ಒಪ್ಪಿಕೊಳ್ಳಲು ನನಗೆ ಎರಡು ದಿನ ಬೇಕಾಯಿತು. ದಿನ ಎಂಬ ಪದದಲ್ಲಿ ಇದು ಇನ್ನೂ ಸ್ಪಷ್ಟ: 3 'ಅಯ್ಯಾಮ್', 11 'ಯೌಮನ್', 100 'ಯೌಮ್'. ಸರ್ಬಿಯನ್ ನೋಡುವುದು ಮುಖ್ಯವಾಗಿ ಕೊನೆಯ ಒಂದು ಅಂಕಿಯನ್ನು, ಅರಬಿಕ್ ಕೊನೆಯ ಎರಡನ್ನು.

ಈ ಎರಡು ಭಾಷೆಗೆ ರಕ್ತಸಂಬಂಧವಿಲ್ಲ. ಅರಬಿಕ್ ಹೀಬ್ರೂ ಜೊತೆಗೆ ಸೆಮಿಟಿಕ್ ಕುಟುಂಬದ್ದು. ಸರ್ಬಿಯನ್ ಸ್ಲಾವಿಕ್, ಸಂಸ್ಕೃತದ ದೂರದ ನಂಟು. ಅವರ 'ದ್ವಾ, ತ್ರಿ, ದೆಸೆತ್' ಕೇಳಿದರೆ ನಮಗೆ ದ್ವಿ, ತ್ರಿ, ದಶ ನೆನಪಾಗದೆ ಇರದು. ಆ 'ಒಸ್ತಲಾ' ಒಳಗಿರುವುದು ಸಂಸ್ಕೃತದ 'ಸ್ಥಾ' ಧಾತುವಿನ ಬಳಗ. 'ಬಕಿಯತ್' ಬಂದ ಧಾತುವಿನಿಂದಲೇ ನಮ್ಮ 'ಬಾಕಿ' ಬಂದಿದೆ, ಫಾರಸಿ, ಉರ್ದು ದಾಟಿ. 'ಮೂರು ಮಾತ್ರೆ ಬಾಕಿ' ಎಂದು ಮನೆಯಲ್ಲಿ ಅಮ್ಮ ಹೇಳುವಾಗೆಲ್ಲ ಈಗ ನನಗೆ ಆ ಅರಬಿಕ್ ಸಾಲು ನೆನಪಾಗುತ್ತದೆ. ಹಾಗೆಯೇ ಅರಬಿಕ್‌ನ 'ಜೈಬ್' ತುರ್ಕಿಯ ಮೂಲಕ ಸರ್ಬಿಯನ್‌ನಲ್ಲಿ 'ಜೆಪ್' ಆಯಿತು, ನಮ್ಮಲ್ಲಿ ಜೇಬು.

ಲಿಪಿಯ ಕಡೆ ನಾನು ಹೆದರಿದ್ದು ಅರಬಿಕ್‌ಗೆ, ಬಲದಿಂದ ಎಡಕ್ಕೆ ಅಂತ. ಪೆಟ್ಟು ಬಿದ್ದದ್ದು ಸರ್ಬಿಯನ್‌ನಲ್ಲಿ. ಅವರು ಸಿರಿಲಿಕ್, ಲ್ಯಾಟಿನ್ ಎರಡೂ ಲಿಪಿ ಬಳಸುತ್ತಾರೆ. ಸಿರಿಲಿಕ್‌ನಲ್ಲಿ ನಮ್ಮ ಞಕಾರದಂಥ ಧ್ವನಿಗೆ ಒಂದೇ ಅಕ್ಷರ, ಲ್ಯಾಟಿನ್‌ನಲ್ಲಿ ಎನ್ ಮತ್ತು ಜೆ ಎರಡು. ಲ್ಯಾಟಿನ್ ಸಾಲುಗಳನ್ನು ಯಂತ್ರದಿಂದ ಸಿರಿಲಿಕ್‌ಗೆ ತಿರುಗಿಸಿದಾಗ 'ಇನ್‌ಯೆಕ್ತ್ಸಿಯಾ', ಅಂದರೆ ಇಂಜೆಕ್ಷನ್, 'ಇಞೆಕ್ತ್ಸಿಯಾ' ಆಗಿ ಬಂತು. ಆ ಪದದಲ್ಲಿ ಎನ್ ಬೇರೆ, ಜೆ ಬೇರೆ. ಯಂತ್ರ ಎರಡನ್ನೂ ಕೂಡಿಸಿತ್ತು. ಔಷಧದ ಆ್ಯಪ್‌ನಲ್ಲಿ ಈ ಪದ ತಪ್ಪಾದರೆ ರೋಗಿಗೆ ನಮ್ಮ ಮೇಲಿನ ನಂಬಿಕೆ ಹೋಗುತ್ತದೆ.

ಸಂಖ್ಯೆಯ ತೊಂದರೆಗೆ ಪರಿಹಾರ ಮೊದಲೇ ಸಿದ್ಧವಿತ್ತು. ಲಿಪಿಗಳಿಗೆ ಕಂಪ್ಯೂಟರ್ ಸಂಕೇತ ಗೊತ್ತುಮಾಡುವ ಯೂನಿಕೋಡ್‌ನವರ ಸಿಎಲ್‌ಡಿಆರ್ ಎಂಬ ಭಾಷಾ ದತ್ತಾಂಶದಲ್ಲಿ ಪ್ರತಿ ಭಾಷೆಗೂ ಸಂಖ್ಯೆಯ ಗುಂಪುಗಳಿವೆ. ಕನ್ನಡಕ್ಕೆ 2, ಸರ್ಬಿಯನ್‌ಗೆ 3, ಅರಬಿಕ್‌ಗೆ 6. ಡೆವಲಪರ್‌ಗಳ ಜೊತೆ ಕೂತು ಕೋಡನ್ನು ಅದಕ್ಕೆ ಹೊಂದಿಸಿದೆವು. ಈಗ ಅನುವಾದಕರಿಗೆ ತುಂಡು ಪದ ಹೋಗುವುದಿಲ್ಲ, ಪ್ರತಿ ಗುಂಪಿಗೂ ಇಡೀ ವಾಕ್ಯವೇ ಹೋಗುತ್ತದೆ. ಕ್ರಿಯಾಪದ ಬದಲಾಗಬೇಕೋ ನಾಮಪದ ಬದಲಾಗಬೇಕೋ, ಅವರೇ ನೋಡಿಕೊಳ್ಳುತ್ತಾರೆ.

ನನ್ನ ಪರೀಕ್ಷೆಯೂ ಬದಲಾಯಿತು. ಈಗ 1, 5, 10 ಹಾಕಿ ಏಳುವುದಿಲ್ಲ. 30 ಮಾತ್ರೆಯ ಡಬ್ಬಿ ಇದೆ ಎಂದುಕೊಂಡು ಒಂದೊಂದೇ ಕಳೆಯುತ್ತ ಸೊನ್ನೆಯವರೆಗೆ ಬರುತ್ತೇನೆ, ಪ್ರತಿ ಸಾಲಿನಲ್ಲೂ ಕ್ರಿಯಾಪದ ಮೊದಲು, ನಾಮಪದ ಆಮೇಲೆ ನೋಡುತ್ತೇನೆ. ಅರಬಿಕ್ ಆದರೆ ನೂರರ ಮೇಲೂ ಹೋಗುತ್ತೇನೆ: 100, 101, 102 ಒಂದೇ ಗುಂಪು, 103ಕ್ಕೆ ಮತ್ತೆ 'ಹಬ್ಬಾತ್'.