ನೀರೊಳಗಿನ ಟಕ್ ಟಕ್

ಇವತ್ತು ಊರ ಕೆರೆಯಲ್ಲಿ ಅಣ್ಣನ ಮಗಳು ಎರಡು ಕಲ್ಲು ಹಿಡಿದು ನೀರೊಳಗೆ ಕುಟ್ಟುತ್ತಿದ್ದಳು. "ಚಿಕ್ಕಪ್ಪಾ, ತಲೆ ಮುಳುಗಿಸಿ ಕೇಳು!"

ಮುಳುಗಿಸಿದೆ. ಟಕ್! ತಲೆಯೊಳಗೇ ಕುಟ್ಟಿದ ಹಾಗಾಯಿತು. ಯಾವ ಕಡೆಯಿಂದ ಬಂತು ಅಂತಲೇ ತಿಳಿಯಲಿಲ್ಲ. ನೀರಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. ಎರಡೂ ಕಿವಿಗೆ ಹೆಚ್ಚುಕಮ್ಮಿ ಒಟ್ಟಿಗೇ ಬಂದುಬಿಡುತ್ತದೆ.

ಸುಮ್ನೆ ಈಜುತ್ತಾ ದೂರ ಹೋದೆ. ಆಗಾಗ ಮುಳುಗಿ ಕೇಳಿದೆ. ಟಕ್ ಸಣ್ಣದಾಗುತ್ತಾ ಬಂತು. ಶಬ್ದ ಎಲ್ಲ ಕಡೆಗೂ ಹರಡಿಕೊಳ್ಳುತ್ತೆ ಅಲ್ವಾ? ತೆರೆದ ಆಳ ನೀರಲ್ಲಾದರೆ, ದೂರ ಎರಡು ಪಟ್ಟಾದಾಗ ಅದರ ತೀವ್ರತೆ ಕಾಲು ಭಾಗಕ್ಕೆ ಇಳಿಯುತ್ತದೆ. ನಮ್ಮ ಕೆರೆಯ ಕೆಸರೂ ಒಂದಿಷ್ಟು ನುಂಗಿರಬೇಕು. ಕೀರಲು ದನಿ ಬೇಗ ಕರಗುತ್ತದೆ, ದಪ್ಪ ದನಿ ದೂರ ಹೋಗುತ್ತದೆ. ಸಮುದ್ರದಲ್ಲಿ ನೀಲಿ ತಿಮಿಂಗಿಲದ ಕೂಗು ನೂರಾರು ಕಿಲೋಮೀಟರ್ ದಾಟುವುದು ಹಾಗೇ.

1826ರಲ್ಲಿ ಕೊಲಾಡಾನ್ ಮತ್ತು ಸ್ಟರ್ಮ್ ಎಂಬ ವಿಜ್ಞಾನಿಗಳು ಯುರೋಪಿನ ಜಿನೀವಾ ಸರೋವರದಲ್ಲಿ ಗಂಟೆ ಮುಳುಗಿಸಿ ಬಾರಿಸಿದ್ದರು. 13 ಕಿಲೋಮೀಟರ್ ಆಚೆ, ದೋಣಿಯಿಂದ ನೀರಿಗೆ ಕೊಳವೆ ಇಳಿಸಿ ಅದನ್ನು ಕೇಳಿಸಿಕೊಂಡರು. ಆ ರಾತ್ರಿ ಅವರು ಕೊಳವೆಗೆ ಕಿವಿಕೊಟ್ಟು ಕಾದ ಕ್ಷಣ ಊಹಿಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇನ್ನೂ ಸ್ವಲ್ಪ ದೂರ ಈಜಿದೆ. ಮುಳುಗಿದರೆ ನನ್ನ ಎದೆಬಡಿತ ಮಾತ್ರ. ತಲೆ ಎತ್ತಿ ನೋಡಿದೆ. ದಡದಲ್ಲಿ ಅವಳು ಇನ್ನೂ ಕುಟ್ಟುತ್ತಲೇ ಇದ್ದಳು.