ಆರ್‌ಎಕ್ಸ್ 100 ರೆಡಿ ಮಾಡಿಸೋಕೆ ಒಟ್ಟು ಎಷ್ಟಾಯ್ತು?

ಗಾಡಿ ಎಲ್ಲಿ ನಿಲ್ಲಿಸಿದರೂ ಯಾರಾದರೊಬ್ಬರು ಹತ್ತಿರ ಬರುತ್ತಾರೆ. ಪೆಟ್ರೋಲ್ ಬಂಕಿನಲ್ಲಿ, ಹೋಟೆಲ್ ಮುಂದೆ, ಒಮ್ಮೊಮ್ಮೆ ಸಿಗ್ನಲ್‌ನಲ್ಲೂ. ಮೊದಲು ಎಂಜಿನ್ ಸದ್ದಿಗೆ ಕಿವಿಗೊಡುತ್ತಾರೆ, ಆಮೇಲೆ ಅದೇ ಪ್ರಶ್ನೆ: "ಒಟ್ಟು ಎಷ್ಟಾಯ್ತು ಸಾರ್, ರೆಡಿ ಮಾಡಿಸೋಕೆ?"

34,600 ರೂಪಾಯಿ. ಗಾಡಿಗೆ ದುಡ್ಡು ಕೊಟ್ಟಿಲ್ಲ, ಅದು ಸೋದರಮಾವನದು. 1991ರ ಯಮಹಾ ಆರ್‌ಎಕ್ಸ್ 100. ತಿಪಟೂರಿನ ಹತ್ತಿರ ತೋಟದ ಮನೆಯ ಕೊಟ್ಟಿಗೆಯಲ್ಲಿ ಹನ್ನೊಂದು ವರ್ಷ ನಿಂತಿತ್ತು. ಮೇಲೆ ಗೋಣಿಚೀಲದ ರಾಶಿ, ಸೀಟಿನೊಳಗೆ ಇಲಿಗೂಡು. "ಗುಜರಿಯವನು ಮೂರು ಸಲ ಬಂದು ಕೇಳಿದ, ಕೊಡೋಕೆ ಮನಸ್ಸಾಗಲಿಲ್ಲ ಕಣೋ" ಅಂದರು ಮಾವ.

ಲೆಕ್ಕ ಹೀಗಿದೆ. ಎಂಜಿನ್ನಿಗೆ 13,800. ಟೈರು, ಟ್ಯೂಬು, ಬ್ರೇಕು, ಚೈನ್ ಸ್ಪ್ರಾಕೆಟ್ಟಿಗೆ 8,900. ವೈರಿಂಗ್, ಬ್ಯಾಟರಿ, ಕೇಬಲ್‌ಗಳಿಗೆ 3,700. ಆರ್‌ಟಿಒ ಕೆಲಸಕ್ಕೆ 5,200. ಚಿಲ್ಲರೆ ಖರ್ಚು 3,000. ಪೇಂಟಿಗೆ ಒಂದು ರೂಪಾಯಿಯೂ ಇಲ್ಲ. ಕಡಿಮೆ ದುಡ್ಡಿನಲ್ಲಿ ಹೇಗಾಯಿತು ಎಂಬುದಕ್ಕೆ ಉತ್ತರ ಅಲ್ಲೇ ಇದೆ. ನಾನು ನೋಡಿದಂತೆ ಬಹಳ ಜನ ಮೊದಲು ಟ್ಯಾಂಕು, ಮಡ್‌ಗಾರ್ಡು ಬಿಚ್ಚಿ ಪೇಂಟಿಗೆ, ಕ್ರೋಮಿಗೆ ಕೊಟ್ಟುಬಿಡುತ್ತಾರೆ. ಗಾಡಿ ಹೊಳೆಯುತ್ತದೆ, ಎಂಜಿನ್ ಬಿಚ್ಚುವ ಹೊತ್ತಿಗೆ ಕೈ ಖಾಲಿ. ಆಮೇಲೆ ಅರ್ಧ ಬಿಚ್ಚಿದ ಗಾಡಿಯೇ ಮಾರಾಟಕ್ಕೆ ಬರುತ್ತದೆ.

ಇನ್ನೊಂದು ಕಾರಣ ಗಾಡಿಯೇ. ಎಸ್ಕಾರ್ಟ್ಸ್ ಕಂಪನಿ 1985ರಿಂದ 1996ರವರೆಗೆ ಇದನ್ನು ನಮ್ಮ ದೇಶದಲ್ಲಿ ತಯಾರಿಸಿತು. 98 ಸಿಸಿ, 11 ಬಿಎಚ್‌ಪಿ, ಒಂದೇ ಸಿಲಿಂಡರಿನ ಟೂ ಸ್ಟ್ರೋಕ್. ರಸ್ತೆ ತುಂಬ ಓಡಾಡಿದ ಗಾಡಿಯಾದ್ದರಿಂದ ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಇವತ್ತಿಗೂ ಬಿಡಿಭಾಗ ಸಿಗುತ್ತದೆ. ಇದೇ ಯಮಹಾದ ಆರ್‌ಡಿ 350 ಆಗಿದ್ದರೆ ಈ ದುಡ್ಡಿಗೆ ಅದರ ಎರಡು ಸಿಲಿಂಡರಿನ ಕೆಲಸವೂ ಮುಗಿಯುತ್ತಿರಲಿಲ್ಲ.

ಪಿಸ್ಟನ್ ಕಚ್ಚಿಕೊಂಡಿತ್ತು. ಕಿಕ್ಕರ್ ಒತ್ತಿದರೆ ಕಲ್ಲು ಒತ್ತಿದ ಹಾಗೆ. ಜೋರು ಮಾಡಲಿಲ್ಲ. ಪ್ಲಗ್ ಬಿಚ್ಚಿ ಆ ತೂತಿನಿಂದ ಡೀಸೆಲ್ ಬಿಟ್ಟು ನಾಲ್ಕು ದಿನ ಹಾಗೇ ಬಿಟ್ಟೆ. ಐದನೆಯ ದಿನ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಹಿಂದೆ ಮುಂದೆ ಮೆಲ್ಲಗೆ ಅಲುಗಿಸಿದಾಗ ಕಟಕ್ ಅಂತ ಬಿಟ್ಟುಕೊಂಡಿತು. ಸಿಲಿಂಡರಿನ ಒಳಗೆ ತುಕ್ಕಿನ ಒಂದು ಉಂಗುರ. ಈ ಎಂಜಿನ್ನಿನ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 50 ಮಿಲಿಮೀಟರ್. ಸವೆದ ಸಿಲಿಂಡರನ್ನು ಕೊರೆದು ಅಗಲ ಮಾಡಿದಾಗ ಹಾಕುವ ಓವರ್‌ಸೈಜ್ ಪಿಸ್ಟನ್‌ಗಳು 0.25 ಮಿಲಿಮೀಟರ್ ಲೆಕ್ಕದಲ್ಲಿ ಏರುತ್ತವೆ. ನಮ್ಮದು 0.50ಕ್ಕೆ ಸರಿಹೋಯಿತು. ಪಿಸ್ಟನ್ ಮೊದಲು ತಂದು ಲೇತಿನವರ ಕೈಗೆ ಕೊಡಿ, ಅದನ್ನು ಅಳೆದೇ ಅವರು ಬೋರ್ ಮಾಡಬೇಕು.

ಎಂಜಿನ್ ಕೇಸ್ ಬಿಡಿಸಿದಾಗ ಕಂಡದ್ದು ಇನ್ನೂ ಮುಖ್ಯ. ಪಿಸ್ಟನ್ನಿನ ಓಡಾಟವನ್ನು ತಿರುಗುವಿಕೆ ಮಾಡುವ ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲ್‌ಗಳು ಒಣಗಿದ ರೊಟ್ಟಿಯ ಹಾಗೆ ಗಟ್ಟಿಯಾಗಿದ್ದವು, ಉಗುರಲ್ಲಿ ಒತ್ತಿದರೆ ಅಂಚು ಮುರಿದು ಬಂತು. ಟೂ ಸ್ಟ್ರೋಕಿನಲ್ಲಿ ಪ್ರಾಣವೆಲ್ಲ ಇಲ್ಲಿದೆ. ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಡೆಯ ಸೀಲ್ ಹೋದರೆ ಎಂಜಿನ್ ಹೊರಗಿನ ಗಾಳಿ ಎಳೆಯುತ್ತದೆ, ಗಾಳಿ ಹೆಚ್ಚಾಗಿ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ, ಎಕ್ಸಲರೇಟರ್ ಬಿಟ್ಟರೂ ಆರ್‌ಪಿಎಂ ಇಳಿಯುವುದಿಲ್ಲ, ಕೊನೆಗೆ ಪಿಸ್ಟನ್ ಕಚ್ಚಿಕೊಂಡು ಸೀಜ್. ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲನ್ನೇ ಎಳೆದು ಸುಟ್ಟು ಹೊಗೆ ಉಗುಳುತ್ತದೆ. ಎಷ್ಟೋ ಗಾಡಿಗಳಿಗೆ ಕಾರ್ಬೊರೇಟರ್ ಟ್ಯೂನ್ ಮಾಡಿಸಿ ಮಾಡಿಸಿ ಸೋತಿರುತ್ತಾರೆ, ಕಾರಣ ಈ ಎರಡು ರಬ್ಬರ್ ಬಳೆಗಳು.

ಮಾವ ಏನನ್ನೂ ಎಸೆದಿರಲಿಲ್ಲ, ಅದು ದೊಡ್ಡ ಉಳಿತಾಯ. ಹಿಂದೊಬ್ಬ ಮೆಕ್ಯಾನಿಕ್, ಎಂಜಿನ್ನಿಗೆ ತಾನೇ ಆಯಿಲ್ ಕೊಡುವ ಆಯಿಲ್ ಪಂಪ್ ಬಿಚ್ಚಿ, ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸಿ ಎಂದಿದ್ದನಂತೆ. ಬಿಚ್ಚಿದ ಪಂಪ್ ಬಿಸ್ಕತ್ ಡಬ್ಬಿಯಲ್ಲಿ ಹಾಗೇ ಇತ್ತು. ಹೊಸ ಪೈಪ್ ಹಾಕಿ ವಾಪಸ್ ಕೂರಿಸಿದೆ. ಬೆರೆಸಿ ಓಡಿಸುವುದರಲ್ಲಿ ಒಂದು ಅಪಾಯವಿದೆ. ಘಾಟಿ ಇಳಿಯುವಾಗ ಎಕ್ಸಲರೇಟರ್ ಪೂರ್ತಿ ಬಿಟ್ಟಿರುತ್ತೇವೆ, ಎಂಜಿನ್ ಮಾತ್ರ ಜೋರಾಗಿ ತಿರುಗುತ್ತಿರುತ್ತದೆ. ಪೆಟ್ರೋಲ್ ಹೋಗದಿದ್ದರೆ ಅದರ ಜೊತೆಯ ಆಯಿಲೂ ಹೋಗುವುದಿಲ್ಲ. ಪಂಪ್ ಇದ್ದರೆ ಆಗಲೂ ಹನಿ ಹನಿ ಕೊಡುತ್ತಿರುತ್ತದೆ.

ಟ್ಯಾಂಕಿನ ತುಕ್ಕಿಗೆ ವಿನೆಗರ್ ಸಾಕಾಯಿತು. ಅಮ್ಮ ತಾಮ್ರದ ಬಿಂದಿಗೆಯನ್ನು ಹುಣಸೆಹಣ್ಣಿನಲ್ಲಿ ತಿಕ್ಕುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ, ಎರಡರಲ್ಲೂ ಕೆಲಸ ಮಾಡುವುದು ಹುಳಿ. ಒಂದು ಹಿಡಿ ನಟ್ಟು ಹಾಕಿ ಕುಲುಕಿ, ಒಂದು ದಿನ ಬಿಟ್ಟು, ಅಡುಗೆ ಸೋಡಾ ನೀರಿನಲ್ಲಿ ತೊಳೆದು ಬಿಸಿಲಿಗಿಟ್ಟೆ. ಒಣಗಿದ ಕೂಡಲೇ ಒಳಗೆ ಟೂ ಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ನಿಗೆ ಹಾಕುವ ಆಯಿಲ್) ಆಡಿಸಬೇಕು, ಇಲ್ಲದಿದ್ದರೆ ಸಂಜೆಯೊಳಗೆ ಮತ್ತೆ ಕೆಂಪಾಗುತ್ತದೆ. ಹಳೆಯ ರಬ್ಬರ್ ಪೈಪು, ಕಾರ್ಬೊರೇಟರಿನ ವಾಷರುಗಳನ್ನೂ ಬದಲಾಯಿಸಿದೆ. ಈಗಿನ ಎಥನಾಲ್ ಬೆರೆತ ಪೆಟ್ರೋಲಿಗೆ ಆ ಕಾಲದ ರಬ್ಬರ್ ತಡೆಯುವುದಿಲ್ಲ. ವಾರ ನಿಲ್ಲಿಸುವುದಾದರೆ ಟ್ಯಾಪ್ ಮುಚ್ಚಿ, ಕಾರ್ಬೊರೇಟರ್ ಖಾಲಿಯಾಗುವವರೆಗೆ ಓಡಿಸಿ ಆಫ್ ಮಾಡುತ್ತೇನೆ.

ಬೇರೆಯವರಿಂದ ಕೊಳ್ಳುವವರು ಇಷ್ಟಕ್ಕೂ ಮೊದಲು ಕಾಗದ ನೋಡಿ. ಗಾಡಿಯ ಮೇಲಿನ ಚಾಸಿ ನಂಬರನ್ನು ಬಟ್ಟೆಯಲ್ಲಿ ಒರೆಸಿ, ಆರ್‌ಸಿಯಲ್ಲಿರುವುದರ ಜೊತೆ ಕಣ್ಣಾರೆ ಹೋಲಿಸಿ ನೋಡಿದ ಮೇಲೆ ಅಡ್ವಾನ್ಸ್ ಕೊಡಿ. ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ವಿಂಟೇಜ್ ಎಂಬ ಮಾತು ನಮ್ಮ ಬಾಯಲ್ಲಷ್ಟೇ. ಕಾನೂನಿನ ಪ್ರಕಾರ 50 ವರ್ಷ ದಾಟಬೇಕು.

ಟ್ಯಾಂಕಿನ ಬಲಬದಿಯಲ್ಲಿ ಒಂದು ತಗ್ಗಿದೆ. ತೆಂಗಿನಕಾಯಿ ಬಿದ್ದದ್ದು. ಮೊನ್ನೆ ಮಾವ ಅದರ ಮೇಲೆ ಬೆರಳಾಡಿಸಿ, ಯಾವ ಮರದ ಕಾಯಿ ಅಂತ ಕೂಡ ಹೇಳಿದರು. ಪೇಂಟಿಗೆ ಕೊಟ್ಟಿದ್ದರೆ ಪುಟ್ಟಿ ಹಾಕಿ ಮುಚ್ಚಿಬಿಡುತ್ತಿದ್ದರು. ಸದ್ಯಕ್ಕೆ ಬಾಕಿ ಇರುವುದು ಸ್ಪೀಡೋಮೀಟರ್ ಒಂದೇ, ಮುಳ್ಳು 40 ದಾಟುತ್ತಿಲ್ಲ. ಮುಂದಿನ ತಿಂಗಳು ಬಿಚ್ಚುತ್ತೇನೆ.